ಮಕ್ಕಳ ಕಾಯಕಕ್ಕೂ ಗೋಡೆಯಲ್ಲಿ ಎಡೆ ಇರಲಿ



ಕಳೆದ ಮಳೆಗಾಲದಲ್ಲಿ ನಮ್ಮ ಭಾಗದ ಮಠವೊಂದರ ಪ್ರಾಥಮಿಕ ಶಾಲೆಗೆ ಹೋಗಿದ್ದೆ. ಛಾವಣಿ ಸೋರುತ್ತಿದೆ, ಒಮ್ಮೆ ನೋಡಿ ಹೇಳಿ ಎಂದು ಪೂಜ್ಯರು ಅಪ್ಪಣೆ ಮಾಡಿದ್ದರು. ಛಾವಣಿ ನೋಡಿ ಇಳಿದು ಐದನೆಯ ತರಗತಿಯ ಕೋಣೆಗೆ ಬಂದೆ. ಅಲಮಾರಿನ ಮೇಲೆ ಸುತಳಿಯಿಂದ ಕಟ್ಟಿದ ಕಾಗದದ ಗಂಟೊಂದಿತ್ತು. ಸೋರಿದ ನೀರು ನೇರವಾಗಿ ಅದರ ಮೇಲೆಯೇ ಬಿದ್ದಿತ್ತು. ಬಿಚ್ಚಿ ನೋಡಿದೆ. ಮಕ್ಕಳು ಬಿಡಿಸಿದ ಊರಿನ ನಕ್ಷೆಗಳು, ಅಜ್ಜಿಯಿಂದ ಕೇಳಿ ಬರೆದ ಗಾದೆಗಳು, ಹೆಸರುಕಾಳು ಮೊಳೆತ ದಿನಗಳ ಲೆಕ್ಕ, ಎತ್ತು-ಬಂಡಿಯ ಚಿತ್ರಗಳು. ಅರ್ಧದಷ್ಟು ಹಾಳೆಗಳು ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಒಬ್ಬ ಹುಡುಗಿ ಹತ್ತಿರ ಬಂದು, "ಅಜ್ಜಾರ, ಅದರಾಗ ನಂದೂ ಐತೇನ್ರಿ?" ಎಂದು ಕೇಳಿದಳು. ಬರೆದು ಕೊಟ್ಟ ದಿನದಿಂದ ತನ್ನ ಹಾಳೆಯನ್ನು ಅವಳು ಮತ್ತೆ ಕಂಡಿರಲಿಲ್ಲ.

"ಇವನ್ನ ಗೋಡೆಗೆ ಹಚ್ಚಬಾರದೇನ್ರಿ?" ಎಂದು ಅಕ್ಕೋರನ್ನು ಕೇಳಿದೆ.

"ಹಚ್ಚಬೇಕಂತ ಆಸೆ ಐತ್ರಿ ಸರ್. ಆದರ ಜಾಗ ಎಲ್ಲೈತ್ರಿ? ನಲವತ್ತೆರಡು ಹುಡುಗರು ಅದಾರ. ನಾಕು ಮಂದೀದು ಹಚ್ಚಿದರ ಉಳಿದವರು ಮಾರಿ ಸಣ್ಣ ಮಾಡ್ತಾರ."

ಅವರ ಮಾತು ಸುಳ್ಳಲ್ಲ. ಆ ಕೋಣೆಯ ಗೋಡೆಗಳನ್ನು ಸುತ್ತ ನೋಡಿದೆ. ಮೇಲ್ಗಡೆ ಪೂಜ್ಯರ ಮತ್ತು ಮಹನೀಯರ ಭಾವಚಿತ್ರಗಳು. ಅವುಗಳ ಕೆಳಗೆ ಅಂಗಡಿಯಿಂದ ತಂದ ಚಾರ್ಟುಗಳು: ಹಣ್ಣುಗಳು, ಪ್ರಾಣಿಗಳು, ರಾಷ್ಟ್ರನಾಯಕರು. ಬಿಸಿಲಿಗೆ ಬಣ್ಣ ಮಾಸಿ ಎಷ್ಟೋ ವರ್ಷಗಳಾದಂತಿತ್ತು. ಬಾಗಿಲ ಪಕ್ಕದಲ್ಲಿ ಕೋಣೆ ಕಟ್ಟಿಸಿದ ದಾನಿಗಳ ಹೆಸರಿನ ಗ್ರಾನೈಟ್ ಫಲಕ. ಹೊರಗಿನ ಪಡಸಾಲೆಯಲ್ಲಿ ಹತ್ತನೆಯ ತರಗತಿಯಲ್ಲಿ ಹೆಚ್ಚು ಅಂಕ ಪಡೆದವರ ಫ್ಲೆಕ್ಸ್. ದಿನಕ್ಕೆ ಆರು ತಾಸು ಆ ಕೋಣೆಯಲ್ಲಿ ಕೂರುವ ನಲವತ್ತೆರಡು ಮಕ್ಕಳ ಕೈಯಿಂದ ಬಂದದ್ದು ಒಂದೂ ಇರಲಿಲ್ಲ.

ಇದನ್ನು ಬರೆಯುವಾಗ ಆ ಶಾಲೆಯನ್ನು ದೂರುವ ಹಕ್ಕು ನನಗಿಲ್ಲ. ಸರ್ಕಾರಿ ಸೇವೆಯಲ್ಲಿದ್ದಾಗ ಎಷ್ಟೋ ಶಾಲಾ ಕೋಣೆಗಳ ಅಂದಾಜು ಪಟ್ಟಿಗೆ ಸಹಿ ಹಾಕಿದವನು ನಾನು. ಬುನಾದಿ, ಕಾಂಕ್ರೀಟು, ಗಿಲಾವು, ಕಿಟಕಿ, ಬಣ್ಣ ಎಲ್ಲಕ್ಕೂ ಒಂದೊಂದು ಬಾಬು ಇರುತ್ತಿತ್ತು. ಉದ್ಘಾಟನೆಯ ಶಿಲಾಫಲಕವೂ ಮರೆತುಹೋಗುತ್ತಿರಲಿಲ್ಲ. ಅದರಲ್ಲಿ ಯಾರ ಹೆಸರು ಮೇಲೆ, ಯಾರದು ಕೆಳಗೆ ಎಂದು ವಾರಗಟ್ಟಲೆ ಚರ್ಚೆ ನಡೆದದ್ದುಂಟು. ಮಕ್ಕಳ ಬರಹ ತೂಗುಹಾಕಲು ಗೋಡೆಗೊಂದು ಮರದ ರೀಪು ಬೇಕೆಂದು ಒಂದು ಅಂದಾಜು ಪಟ್ಟಿಯಲ್ಲೂ ನಾನು ಬರೆಯಲಿಲ್ಲ. ಯಾರೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ. ಹಾಗಾಗಿ ಈ ಲೇಖನ ನನ್ನ ತಪ್ಪೊಪ್ಪಿಗೆಯೂ ಹೌದು.

ಅಂದು ಚೀಲದಲ್ಲಿ ಅಳತೆಯ ಟೇಪು ಇತ್ತು. "ಜಾಗ ಐತೋ ಇಲ್ಲೋ ಅಳದೇ ನೋಡೂಣು ಬರ್ರಿ" ಎಂದು ಇಬ್ಬರು ಹುಡುಗರನ್ನು ಕರೆದುಕೊಂಡೆ. ಕೋಣೆ ಒಳ ಅಳತೆಯಲ್ಲಿ 20 ಅಡಿ ಉದ್ದ, 20 ಅಡಿ ಅಗಲ. ನಾಲ್ಕೂ ಗೋಡೆ ಸೇರಿ 80 ಅಡಿ. ಕಪ್ಪುಹಲಗೆಯ ಮುಂದಿನ ಗೋಡೆಯನ್ನು ಪೂರ್ತಿ ಬಿಟ್ಟುಬಿಡೋಣ, 20 ಅಡಿ ಕಳೆಯಿತು. ಬಾಗಿಲಿಗೆ 4 ಅಡಿ, ನಾಲ್ಕು ಕಿಟಕಿಗೆ 16 ಅಡಿ, ಅಲಮಾರಿಗೆ 4 ಅಡಿ. ಉಳಿದದ್ದು 36 ಅಡಿ. ಮಕ್ಕಳು ನಿಂತು ಓದಬಲ್ಲ ಎತ್ತರವೆಂದರೆ ನೆಲದಿಂದ ಸುಮಾರು 2 ಅಡಿಯಿಂದ ನಾಲ್ಕೂವರೆ ಅಡಿಯವರೆಗೆ, ಅಂದರೆ ಎರಡೂವರೆ ಅಡಿ ಅಗಲದ ಪಟ್ಟಿ. 36 ಅಡಿ ಉದ್ದಕ್ಕೆ ಲೆಕ್ಕ ಹಾಕಿದರೆ 90 ಚದರ ಅಡಿ ಆಯಿತು.

ಮಕ್ಕಳು ಬಳಸುವ ಎ-4 ಹಾಳೆ ಮುಕ್ಕಾಲು ಚದರ ಅಡಿಯೂ ಇಲ್ಲ. ಸುತ್ತ ಅಂಚು, ಕೆಳಗೆ ಹೆಸರಿನ ಚೀಟಿ ಸೇರಿಸಿ ಒಂದು ಚದರ ಅಡಿ ಹಿಡಿಯೋಣ. 42 ಮಕ್ಕಳಿಗೆ 42 ಚದರ ಅಡಿ. ಪಟ್ಟಿಯ ಅರ್ಧಕ್ಕಿಂತ ಹೆಚ್ಚನ್ನು ಖಾಲಿ ಬಿಟ್ಟರೂ ಪ್ರತಿ ಮಗುವಿಗೂ ಒಂದು ಹಾಳೆಯ ಜಾಗ ಸಿಗುತ್ತದೆ! ಪೂಜ್ಯರ ಭಾವಚಿತ್ರಗಳು ಏಳಡಿ ಎತ್ತರದಲ್ಲಿವೆ. ಒಂದನ್ನೂ ಅಲುಗಿಸಬೇಕಾಗಿಲ್ಲ. ತೆಗೆಯಬೇಕಾದದ್ದು ಅಂಗಡಿಯ ಚಾರ್ಟುಗಳನ್ನು ಮಾತ್ರ.

ಜಾಗವಿಲ್ಲ ಎಂಬುದು ಅಳತೆಗೆ ನಿಲ್ಲುವ ಮಾತಲ್ಲ ಎಂದು ಆಗ ತಿಳಿಯಿತು. ಯಾರದಕ್ಕೆ ಮೊದಲು ಜಾಗ ಎಂಬುದನ್ನು ನಾವು ತೀರ್ಮಾನಿಸಿ ಆಗಿರುತ್ತದೆ. ಉಳಿದವರಿಗೆ ಜಾಗವಿಲ್ಲ ಎನ್ನುತ್ತೇವೆ.

ಈ ಮಾತು ಲಿಂಗಾಯತರಾದ ನಮಗೆ ಬೇಗ ಅರ್ಥವಾಗಬೇಕು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅಣ್ಣ ಬಸವಣ್ಣನವರು ಮತ್ತು ಶರಣರು ಕಟ್ಟಿದ ಅನುಭವ ಮಂಟಪವನ್ನು ನೆನೆಯೋಣ. ಅಲ್ಲಿ ಮಾತಾಡುವ ಹಕ್ಕು ಓದಿದವರಿಗೆ, ಉಳ್ಳವರಿಗೆ ಮಾತ್ರ ಇರಲಿಲ್ಲ. ಬಟ್ಟೆ ಮಡಿ ಮಾಡುವ ಮಾಚಿದೇವರು, ಹಗ್ಗ ಹೊಸೆಯುವ ನುಲಿಯ ಚಂದಯ್ಯನವರು, ಅಂಬಿಗರ ಚೌಡಯ್ಯನವರು, ಅಕ್ಕಿ ಆಯುವ ಕಾಯಕದ ಲಕ್ಕಮ್ಮನವರು ಎಲ್ಲರೂ ತಮ್ಮ ಅನುಭಾವವನ್ನು ಎಲ್ಲರ ಮುಂದಿಟ್ಟರು. ಪ್ರತಿಯೊಬ್ಬರ ವಚನಕ್ಕೂ ಅವರದೇ ಅಂಕಿತವಿತ್ತು. ಅಂಕಿತವನ್ನು ಕಂಡರೆ ಇದು ಯಾರ ಮಾತು ಎಂದು ಇಂದಿಗೂ ಹೇಳಬಹುದು. ಚೆನ್ನಾಗಿ ಬರೆದ ನಾಲ್ವರ ವಚನ ಸಾಕು, ಉಳಿದವರದು ಗಂಟು ಕಟ್ಟಿ ಇಡಿ ಎಂದು ಅಲ್ಲಿ ಹೇಳಿದ್ದರೆ ನಮಗೆ ಈ ಸಂಪತ್ತು ಸಿಗುತ್ತಿರಲಿಲ್ಲ.

ಗಂಟು ಕಟ್ಟಿ ಇಟ್ಟ ಕಾಲವೂ ನಮ್ಮಲ್ಲಿ ಇತ್ತೆಂಬುದನ್ನು ಮರೆಯಬಾರದು. ವಚನಗಳ ತಾಡೋಲೆಗಳು ಮಠಗಳಲ್ಲಿ, ಭಕ್ತರ ಮನೆಗಳಲ್ಲಿ ಬಟ್ಟೆ ಸುತ್ತಿ ಕುಳಿತಿದ್ದವು. ಓದುವವರಿಲ್ಲದೆ ಪೂಜೆ ಮಾತ್ರ ನಡೆಯುತ್ತಿದ್ದ ಕಡೆಯೂ ಇತ್ತು. ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಅವನ್ನು ಸಂಗ್ರಹಿಸಿದರು. 1923ರಲ್ಲಿ 'ವಚನಶಾಸ್ತ್ರ ಸಾರ'ದ ಮೊದಲ ಭಾಗ ಬಂತು. ಮುಂದೆ ವಿಜಯಪುರದಲ್ಲಿ ಮನೆ ಮಾರಿ ಹಿತಚಿಂತಕ ಮುದ್ರಣಾಲಯ ನಡೆಸಿದರು, 1926ರಲ್ಲಿ 'ಶಿವಾನುಭವ' ಪತ್ರಿಕೆ ಆರಂಭಿಸಿದರು. ಗಂಟು ಬಿಚ್ಚಿ ಜನರ ಕಣ್ಣಮುಂದೆ ಇಟ್ಟದ್ದೇ ಅವರ ದೊಡ್ಡ ಕಾಯಕ. ಮಗುವಿನ ಹಾಳೆಗೂ ತಾಡೋಲೆಗೂ ಹೋಲಿಕೆ ಎಲ್ಲಿಯದು ಎಂದು ಯಾರಾದರೂ ಕೇಳಬಹುದು. ಹೋಲಿಕೆ ಬರಹದ ತೂಕದಲ್ಲಿ ಇಲ್ಲ, ಮುಚ್ಚಿಟ್ಟದ್ದು ಯಾರಿಗೂ ಉಪಯೋಗವಾಗದು ಎಂಬಲ್ಲಿ ಇದೆ.

ಮಗುವಿನ ಓದು-ಬರಹವೂ ಕಾಯಕವೇ. ಕಾಯಕದ ಫಲ ಸಮಾಜಕ್ಕೆ ಸಲ್ಲಬೇಕು, ಅದು ದಾಸೋಹ. ಒಬ್ಬ ಹುಡುಗ ತನ್ನ ಓಣಿಯ ಬಾವಿಗಳನ್ನು ಎಣಿಸಿ ನಕ್ಷೆ ಮಾಡಿದರೆ ಅದನ್ನು ಉಳಿದ ನಲವತ್ತೊಂದು ಮಕ್ಕಳು ಓದಬೇಕು. ಆಗ ಅವನ ಕಲಿಕೆ ಎಲ್ಲರ ಪಾಠವಾಗುತ್ತದೆ. ಅಕ್ಕೋರ ಕೆಂಪು ಗೆರೆ ಬಿದ್ದು ಅಲಮಾರಿನ ಮೇಲೆ ಸೇರಿದರೆ ಅದು ಬರೀ ಕಾಗದ. ಊಟದ ದಾಸೋಹದಲ್ಲಿ ಪಂಕ್ತಿಭೇದ ಮಾಡಬಾರದೆಂದು ಹೇಳುವ ನಾವು ಗೋಡೆಯ ಮೇಲೆ ಪಂಕ್ತಿಭೇದ ಮಾಡಬಹುದೇ?

ಹಾಗೆಂದು ಗೋಡೆ ತುಂಬ ಕಾಗದ ಅಂಟಿಸಿದರೆ ಆಯಿತು ಎಂದಲ್ಲ. ಇದರಲ್ಲಿ ಎಚ್ಚರವೂ ಬೇಕು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಅನ್ನಾ ಫಿಶರ್ ಮತ್ತು ಸಂಗಡಿಗರು 2014ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. 24 ಪುಟ್ಟ ಮಕ್ಕಳಿಗೆ ಕೆಲವು ಪಾಠಗಳನ್ನು ಅಲಂಕಾರ ತುಂಬಿದ ಕೋಣೆಯಲ್ಲಿ, ಕೆಲವನ್ನು ಖಾಲಿ ಗೋಡೆಯ ಕೋಣೆಯಲ್ಲಿ ಹೇಳಿಕೊಟ್ಟರು. ಅಲಂಕಾರದ ಕೋಣೆಯಲ್ಲಿ ಮಕ್ಕಳ ಲಕ್ಷ್ಯ ಹೆಚ್ಚು ಚದುರಿತು. ಪರೀಕ್ಷೆಯಲ್ಲಿ ಖಾಲಿ ಗೋಡೆಯ ಕೋಣೆಯ ಪಾಠಗಳಿಗೆ ನೂರಕ್ಕೆ 55ರಷ್ಟು ಸರಿ ಉತ್ತರ ಬಂದರೆ ಅಲಂಕಾರದ ಕೋಣೆಯ ಪಾಠಗಳಿಗೆ 42ರಷ್ಟು ಬಂತು. ಮರುವರ್ಷ ಇಂಗ್ಲೆಂಡಿನ ಸಾಲ್ಫರ್ಡ್ ವಿಶ್ವವಿದ್ಯಾಲಯದವರು 27 ಶಾಲೆಗಳ 153 ಕೋಣೆಗಳನ್ನು ಅಧ್ಯಯನ ಮಾಡಿ, ಗೋಡೆಯಲ್ಲಿ ನೂರಕ್ಕೆ 20ರಿಂದ 50ರಷ್ಟು ಭಾಗ ಖಾಲಿ ಇರಲಿ ಎಂದು ಸಲಹೆ ಕೊಟ್ಟರು. ನಾನು ಮುಂದಿನ ಗೋಡೆಯನ್ನು ಪೂರ್ತಿ ಬಿಟ್ಟು, ಉಳಿದ ಪಟ್ಟಿಯಲ್ಲೂ ಅರ್ಧ ಖಾಲಿ ಇಟ್ಟದ್ದು ಇದಕ್ಕಾಗಿಯೇ. ಪಾಠ ಕೇಳುವಾಗ ಮಗುವಿನ ಕಣ್ಣೆದುರು ಕಪ್ಪುಹಲಗೆ ಮಾತ್ರ ಇರಬೇಕು.

ಇಷ್ಟು ಜಾಗದಲ್ಲಿ ವರ್ಷವಿಡೀ ಎಲ್ಲರ ಕೆಲಸ ತೋರಿಸುವುದು ಹೇಗೆ? ಬದಲಾಯಿಸುತ್ತ ಹೋಗುವುದೊಂದೇ ದಾರಿ. ಸ್ಥಾವರ-ಜಂಗಮಗಳ ವ್ಯತ್ಯಾಸವನ್ನು ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಜೂನ್‌ನಲ್ಲಿ ಅಂಟಿಸಿ ಮಾರ್ಚ್‌ವರೆಗೆ ಬಿಟ್ಟ ಹಾಳೆ ಸ್ಥಾವರ. ಮೂರನೆಯ ವಾರದಿಂದ ಅದನ್ನು ಯಾರೂ ನೋಡುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಬದಲಾದರೆ ಅದೇ ಗೋಡೆ ಜಂಗಮವಾಗುತ್ತದೆ. ತೆಗೆದ ಹಾಳೆಯನ್ನು ಎಸೆಯಬಾರದು. ಪ್ರತಿ ಮಗುವಿಗೆ ಒಂದು ರಟ್ಟಿನ ಕಡತ ಮಾಡಿ ಅದರಲ್ಲಿ ಸೇರಿಸಬೇಕು. ವರ್ಷದ ಕೊನೆಗೆ ಪಾಲಕರು ಆ ಕಡತವನ್ನು ತಿರುವಿ ನೋಡಿದರೆ ಅಂಕಪಟ್ಟಿ ಹೇಳದ ಸಂಗತಿಯೂ ತಿಳಿಯುತ್ತದೆ.

ಕೋಣೆ ಇನ್ನೂ ಚಿಕ್ಕದಿದ್ದರೆ, ಅಥವಾ ಒಂದೇ ಕೋಣೆಯಲ್ಲಿ ಎರಡು ತರಗತಿ ನಡೆಯುತ್ತಿದ್ದರೆ, ಹಿಂದಿನ ಗೋಡೆಗೆ ದಾರ ಕಟ್ಟಬಹುದು. 20 ಅಡಿಯ ಒಂದು ದಾರಕ್ಕೆ ಹತ್ತು ಇಂಚಿಗೊಂದರಂತೆ 24 ಹಾಳೆ ಹಿಡಿಯುತ್ತವೆ. ಎರಡು ದಾರಕ್ಕೆ 48. ಬಟ್ಟೆಗೆ ಹಾಕುವ ಕ್ಲಿಪ್ಪು ಸಾಕು, ಮಕ್ಕಳೇ ಹಾಕಿ ಮಕ್ಕಳೇ ತೆಗೆಯಬಹುದು. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ಕೋಣೆಗಳಲ್ಲಿ ತಲೆಯ ಮೇಲೆ ದಾರಗಳ ಚಪ್ಪರ ಕಟ್ಟಿ ಮಕ್ಕಳ ಕೆಲಸ ತೂಗುಹಾಕುವುದನ್ನು ಅನೇಕರು ನೋಡಿದ್ದೀರಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ಆ ಪದ್ಧತಿ ಮುಂದೆ ರಾಜ್ಯಕ್ಕೆಲ್ಲ ಹರಡಿತು. ಗೋಡೆಯ ಕೆಳಭಾಗಕ್ಕೆ ಕಪ್ಪು ಬಣ್ಣ ಬಳಿದು ಮಕ್ಕಳಿಗೆ ಬರೆಯಲು ಕೊಡುವುದೂ ಅಲ್ಲಿಯ ರೂಢಿ. ಅದಕ್ಕೆ ಕಾಗದವೂ ಬೇಡ. ಸರ್ಕಾರಿ ಶಾಲೆ ಮಾಡಿದ್ದನ್ನು ನಮ್ಮ ಸಂಸ್ಥೆಗಳ ಶಾಲೆಗಳು ಕಲಿಯಲು ಸಂಕೋಚಪಡಬಾರದು. ಒಂದು ವಿವೇಕ ಬೇಕು: ಚಪ್ಪರಕ್ಕೆ ಕಾಗದದ ಹೂವು, ಗೊಂಬೆ, ಆಕಾರಗಳು ಸರಿ. ಬರಹವನ್ನು ಅಷ್ಟೆತ್ತರಕ್ಕೆ ತೂಗಿದರೆ ಮಗು ಓದಲಾರದು. ಬರಹ ಕಣ್ಣಿನ ಎತ್ತರದಲ್ಲೇ ಇರಲಿ.

ಕೋಣೆ ಸಾಲದಿದ್ದರೆ ಪಡಸಾಲೆ ಇದೆ. ಮಠಗಳಲ್ಲಿ ಪ್ರಸಾದ ನಿಲಯವಿದೆ. ಪ್ರಸಾದಕ್ಕೆ ಸಾಲಿನಲ್ಲಿ ನಿಲ್ಲುವ ಗೋಡೆಯ ಬದಿಗಿಂತ ಒಳ್ಳೆಯ ಜಾಗ ಯಾವುದು? ನಿಂತವರೆಲ್ಲ ಓದುತ್ತಾರೆ. ದರ್ಶನಕ್ಕೆ ಬಂದ ಭಕ್ತರೂ ಓದುತ್ತಾರೆ.

ಏನನ್ನು ಹಾಕಬೇಕು ಎಂಬುದೂ ಮುಖ್ಯ. ಗೋಡೆಗೆ ಯಾವ ಹಾಳೆ ಎಂದು ಮಗುವೇ ಆರಿಸಲಿ. ತನ್ನ ನಾಲ್ಕು ಕೆಲಸಗಳಲ್ಲಿ ಯಾವುದು ಚೆನ್ನಾಗಿದೆ, ಏಕೆ ಎಂದು ಯೋಚಿಸುವುದೇ ಒಂದು ಪಾಠ. ಅಂಕ ಕಾಣಬಾರದು. ಹತ್ತಕ್ಕೆ ಮೂರು ಎಂದು ಕೆಂಪಗೆ ಬರೆದ ಹಾಳೆಯನ್ನು ಗೋಡೆಗೆ ಹಾಕಿದರೆ ಮಗುವನ್ನು ಎಲ್ಲರ ಮುಂದೆ ನಿಲ್ಲಿಸಿ ಅವಮಾನ ಮಾಡಿದಂತೆ. ಅಕ್ಷರ ವಂಕವಾಗಿದ್ದರೂ ಸರಿ, ಅದು ಮಗುವಿನದಾಗಿರಬೇಕು. ಇಂದು ಪ್ರಾಜೆಕ್ಟ್ ಹೆಸರಿನಲ್ಲಿ ಅಂಗಡಿಯಲ್ಲಿ ಕೊಂಡ ಥರ್ಮಾಕೋಲಿನ ಮನೆ, ಅಪ್ಪ ಅಂಟಿಸಿದ ಚಿತ್ರ, ಮೊಬೈಲಿನಿಂದ ಮುದ್ರಿಸಿದ ಹಾಳೆ ಶಾಲೆಗೆ ಬರುತ್ತಿವೆ. ದುಡ್ಡಿದ್ದ ಮನೆಯ ಮಗುವಿನ ಪ್ರಾಜೆಕ್ಟು ಹೊಳೆಯುತ್ತದೆ, ಕೂಲಿಯವರ ಮಗು ತಲೆ ತಗ್ಗಿಸುತ್ತದೆ. ತಾನು ದುಡಿಯದೆ ಪಡೆದದ್ದನ್ನು ಶರಣರು ಒಪ್ಪಲಿಲ್ಲ. ಇಂಥದಕ್ಕೆ ಬಹುಮಾನ ಕೊಟ್ಟು ಮಕ್ಕಳಿಗೆ ನಾವು ಕಲಿಸುವ ಕಾಯಕ ತತ್ತ್ವ ಯಾವುದು? ತರಗತಿಯಲ್ಲೇ ಕುಳಿತು, ಎಲ್ಲರಿಗೂ ಒಂದೇ ಬಗೆಯ ಹಾಳೆಯಲ್ಲಿ ಮಾಡಿಸಿದರೆ ಈ ಭೇದ ತಾನೇ ಹೋಗುತ್ತದೆ.

ಇಟಲಿಯ ರೆಜ್ಜೊ ಎಮಿಲಿಯಾ ಎಂಬ ಪಟ್ಟಣದ ಶಿಶುಶಾಲೆಗಳು ಈ ವಿಷಯದಲ್ಲಿ ಹೆಸರಾದವು. ಎರಡನೆಯ ಮಹಾಯುದ್ಧ ಮುಗಿದೊಡನೆ ಅಲ್ಲಿನ ಜನರೇ ಶಾಲೆ ಕಟ್ಟಲು ನಿಂತರು. ಲೊರಿಸ್ ಮಲಗುತ್ಸಿ ಎಂಬ ಶಿಕ್ಷಕರು ಅದಕ್ಕೆ ದಾರಿ ತೋರಿದರು. ಅಲ್ಲಿ ಗೋಡೆಯ ಮೇಲೆ ಮಗು ಮುಗಿಸಿದ ಚಿತ್ರವನ್ನು ಮಾತ್ರ ಹಾಕುವುದಿಲ್ಲ. ಮೊದಲು ಹೇಗೆ ಬಿಡಿಸಿತು, ಏನು ಹೇಳಿತು, ಆಮೇಲೆ ಹೇಗೆ ತಿದ್ದಿತು ಎಂಬುದನ್ನೂ ಮಗುವಿನ ಮಾತಿನಲ್ಲೇ ಬರೆದು ಹಾಕುತ್ತಾರೆ. ನಾವೂ ಆಗಾಗ ಮೊದಲ ಕರಡು ಮತ್ತು ತಿದ್ದಿದ ಪ್ರತಿಯನ್ನು ಜೊತೆಗೆ ಹಾಕಬಹುದು. ತಪ್ಪಿನಿಂದ ನಾಚಬೇಕಿಲ್ಲ, ತಿದ್ದಿಕೊಂಡರೆ ಆಯಿತು ಎಂಬುದು ಬೋಧನೆಯಿಲ್ಲದೆ ಮಕ್ಕಳಿಗೆ ಮನವರಿಕೆಯಾಗುತ್ತದೆ.

ಕೆಲಸದ ವಿಷಯಕ್ಕೆ ಬಂದರೆ, ಗೋಡೆಗೆ ನೇರವಾಗಿ ಅಂಟು, ಟೇಪು ಹಚ್ಚಬೇಡಿ. ತೆಗೆಯುವಾಗ ಬಣ್ಣ ಕಿತ್ತು ಬರುತ್ತದೆ, ಮರುವರ್ಷ ಮುಖ್ಯಗುರುಗಳು ಬೇಡವೆನ್ನುತ್ತಾರೆ. ಮರದ ರೀಪುಗಳನ್ನು ಮೇಲೊಂದು ಕೆಳಗೊಂದು ಸಾಲಾಗಿ ಸ್ಕ್ರೂ ಹಾಕಿ ಕೂರಿಸಿ, ಅವುಗಳ ನಡುವೆ ದಾರ ಕಟ್ಟಿ. ನಾನು ಅಳೆದ ಕೋಣೆಗೆ ಬೇಕಾಗುವುದು 72 ಅಡಿ ರೀಪು. ಕೆತ್ತನೆಯ ಒಂದು ಗ್ರಾನೈಟ್ ಫಲಕಕ್ಕಿಂತ ಕಡಿಮೆ ಖರ್ಚು. ಮಳೆ ಬಡಿಯುವ ಬದಿಯ ಗೋಡೆ ತೇವ ಹಿಡಿಯುತ್ತದೆ, ಮಳೆಗಾಲದಲ್ಲಿ ಅದನ್ನು ಬಿಡಿ. ವಿದ್ಯುತ್ ಸ್ವಿಚ್ಚುಗಳ ಹತ್ತಿರ, ಫ್ಯಾನಿನ ಕೆಳಗೆ, ಬಾಗಿಲ ದಾರಿಗೆ ಅಡ್ಡವಾಗಿ ಕಾಗದ ತೂಗಬೇಡಿ. ಕಿಟಕಿ ಮುಚ್ಚಿ ಬೆಳಕು ತಡೆಯಬೇಡಿ.

ಶಿಕ್ಷಕರಿಗೆ ಇದು ಇನ್ನೊಂದು ಹೊರೆಯಾಗಬಾರದು. ಅವರಿಗೆ ಈಗಾಗಲೇ ದಾಖಲೆಗಳ ಕೆಲಸ ಸಾಕಷ್ಟಿದೆ. ಐದು ಮಕ್ಕಳ ಸರದಿ ಮಾಡಿ, ಹದಿನೈದು ದಿನಕ್ಕೊಮ್ಮೆ ಹಾಳೆ ಬದಲಾಯಿಸುವ ಕಾಯಕವನ್ನು ಅವರಿಗೇ ವಹಿಸಿ. ಯಾರದೂ ಬಿಟ್ಟುಹೋಗದಂತೆ ಹಾಜರಿ ಪುಸ್ತಕದ ಕ್ರಮದಲ್ಲಿ ಎಣಿಸುವುದನ್ನು ಅವರು ನಮಗಿಂತ ಚೆನ್ನಾಗಿ ಮಾಡುತ್ತಾರೆ.

ಮಠಾಧೀಶರಲ್ಲಿ, ಆಡಳಿತ ಮಂಡಳಿಯವರಲ್ಲಿ ಒಂದು ವಿನಂತಿ. ಅನ್ನ, ಅರಿವು, ಆಸರೆ ಕೊಟ್ಟು ನಾಡನ್ನು ಬೆಳೆಸಿದ ಪರಂಪರೆ ನಮ್ಮ ಮಠಗಳದು. ಹೊಸ ಕೋಣೆ ಕಟ್ಟಿಸುವಾಗ ಅಂದಾಜು ಪಟ್ಟಿಯಲ್ಲಿ ರೀಪಿನ ಬಾಬು ಸೇರಿಸಲು ನಿಮ್ಮ ಎಂಜಿನಿಯರಿಗೆ ಹೇಳಿ. ದಾನಿಗಳಲ್ಲಿಯೂ ಒಂದು ಮಾತು. ನಿಮ್ಮ ಹೆಸರಿನ ಫಲಕ ಬೇಡವೆನ್ನುವುದಿಲ್ಲ, ದಾನಿಯ ನೆನಪು ಮಕ್ಕಳಿಗೆ ಇರಲಿ. ಆದರೆ ನಿಮ್ಮ ದಾನದಿಂದ ಆ ಕೋಣೆಯಲ್ಲಿ ಏನಾಗುತ್ತಿದೆ ಎಂದು ತಿಳಿಯಬೇಕಾದರೆ ಫಲಕ ಸಾಲದು, ಮಕ್ಕಳ ಹಾಳೆ ನೋಡಬೇಕು. ಬಸವ ಜಯಂತಿಗೆ ಹಾಕಿಸುವ ಫ್ಲೆಕ್ಸ್‌ಗಳಲ್ಲಿ ಒಂದನ್ನು ಕಡಿಮೆ ಮಾಡಿ, ಒಂದು ಕೋಣೆಗೆ ರೀಪು, ದಾರ, ಕ್ಲಿಪ್ಪು ಕೊಡಿಸಿ.

ಆ ಶಾಲೆಯಲ್ಲಿ ಛಾವಣಿಯ ರಿಪೇರಿಯ ಜೊತೆಗೆ ಪೂಜ್ಯರು ಐದನೆಯ ತರಗತಿಗೆ ರೀಪು ಹೊಡೆಸಿದರು. ಎರಡು ತಿಂಗಳ ನಂತರ ಮತ್ತೆ ಹೋದೆ. ಎಲ್ಲವೂ ಸರಿಯಾಗಿತ್ತು ಎನ್ನಲಾರೆ. ಪಶ್ಚಿಮದ ಗೋಡೆಯ ಒಂದು ಸಾಲು ತೇವಕ್ಕೆ ಸುರುಳಿಯಾಗಿತ್ತು, ಒಬ್ಬ ಹುಡುಗ ತನ್ನದನ್ನು ಹಾಕಲು ಒಪ್ಪದೆ ಹೆಸರಿನ ಚೀಟಿ ಮಾತ್ರ ಹಚ್ಚಿದ್ದ. "ಇರಲಿ ಬಿಡ್ರಿ ಸರ್, ಜಾಗ ಅವಂದೇ, ಹಾಕಿದಾಗ ಹಾಕಲಿ" ಎಂದರು ಅಕ್ಕೋರು. ಅಂದು ಒದ್ದೆ ಗಂಟಿನಲ್ಲಿ ತನ್ನದನ್ನು ಹುಡುಕಿದ್ದ ಹುಡುಗಿ ಕೈ ಹಿಡಿದು ಕರೆದೊಯ್ದು ತನ್ನ ಹಾಳೆ ತೋರಿಸಿದಳು. ಅವರ ಮನೆಯಲ್ಲಿ ರೊಟ್ಟಿಗೆ ವಾರಕ್ಕೆ ಎಷ್ಟು ಜೋಳ ಬೇಕೆಂಬ ಲೆಕ್ಕ. ಒಂದು ಕಡೆ ಕೂಡಿಸಿದ್ದು ತಪ್ಪಾಗಿತ್ತು, ಪಕ್ಕದಲ್ಲಿ ಬೇರೊಂದು ಮಗು ಪೆನ್ಸಿಲ್ಲಿನಿಂದ ತಿದ್ದಿತ್ತು. ಅವಳಿಗೆ ಅದರಿಂದ ಬೇಸರವಾಗಿರಲಿಲ್ಲ. ತನ್ನ ಲೆಕ್ಕವನ್ನು ಯಾರೋ ಓದಿದ್ದಾರೆಂಬ ಸಂತೋಷವಿತ್ತು.

ನೀವು ಹೋಗುವ ಮಠದ ಶಾಲೆಯಲ್ಲಿ ಮುಂದಿನ ಸಲ ಒಂದು ತರಗತಿಯ ಕೋಣೆಯೊಳಗೆ ಕಾಲಿಡಿ. ಅಲ್ಲಿ ಕೂತ ಮಕ್ಕಳ ಕೈಯಿಂದ ಬಂದದ್ದು ಗೋಡೆಯ ಮೇಲೆ ಏನಿದೆ ಎಂದು ನೋಡಿ. ಏನೂ ಇಲ್ಲದಿದ್ದರೆ ಯಾರನ್ನೂ ಬೈಯಬೇಡಿ, ಟೇಪು ಹಿಡಿದು ಅಳೆಯಿರಿ. ಜಾಗ ಸಿಗುತ್ತದೆ.